ಉರಿದು ಕಳಚಿಕೊಂಡವರು



2023ರ ಜುಲೈ 14ರಂದು ಮಧ್ಯಾಹ್ನ 2 ಗಂಟೆ 35 ನಿಮಿಷಕ್ಕೆ ಶ್ರೀಹರಿಕೋಟಾದಿಂದ ಚಂದ್ರಯಾನ-3 ಮೇಲೇರಿತು. ನಿಮ್ಮಲ್ಲಿ ಅನೇಕರು ಅದನ್ನು ಟಿ.ವಿ.ಯಲ್ಲಿ ನೋಡಿರಬಹುದು. ಕ್ಷಣಗಣನೆ ಸೊನ್ನೆಗೆ ಬಂದಾಗ ಎದೆ ಡವಡವ ಎಂದಿರಬಹುದು. 43.5 ಮೀಟರ್ ಎತ್ತರದ ರಾಕೆಟ್ ಬೆಂಕಿಯನ್ನು ಉಗುಳುತ್ತಾ ಮೋಡಗಳೊಳಗೆ ನುಗ್ಗಿದಾಗ ಮಕ್ಕಳೊಡನೆ ದೊಡ್ಡವರೂ ಚಪ್ಪಾಳೆ ತಟ್ಟಿದರು. ಈ ಬೆರಗು ದೇವರಿಗೆ ಪ್ರಿಯವಾದದ್ದು. ಎಂಟನೆಯ ಕೀರ್ತನೆಯನ್ನು ಹಾಡಿದವನೂ ಚಂದ್ರನನ್ನು ಕಂಡು ಹೀಗೆಯೇ ಬೆರಗಾಗಿದ್ದ.

ಆದರೆ ಒಂದು ಲೆಕ್ಕವನ್ನು ಗಮನಿಸಿ. ಅಂದು ನೆಲಬಿಟ್ಟ ಭಾರ ಸುಮಾರು 640 ಟನ್. ಚಂದ್ರನತ್ತ ಹೊರಟ ನೌಕೆಯ ತೂಕ ಸುಮಾರು 3,900 ಕಿಲೋ ಮಾತ್ರ. ನೂರಕ್ಕೆ ಒಂದು ಪಾಲೂ ಇಲ್ಲ! ಉಳಿದದ್ದೆಲ್ಲ ಅದನ್ನು ಎತ್ತುವುದಕ್ಕಾಗಿಯೇ ಇತ್ತು. ಪಕ್ಕದ ಎರಡು ದೊಡ್ಡ ಬೂಸ್ಟರುಗಳು, ಒಂದೊಂದರಲ್ಲೂ 200 ಟನ್ನಿಗಿಂತ ಹೆಚ್ಚು ಇಂಧನ ತುಂಬಿಕೊಂಡವು, ಸುಮಾರು ಎರಡು ನಿಮಿಷ ಉರಿದು ಕಳಚಿ ಸಮುದ್ರಕ್ಕೆ ಬಿದ್ದವು. ಆಗಸ್ಟ್ 23ರ ಸಂಜೆ ‘ವಿಕ್ರಮ್’ ಚಂದ್ರನ ಮೇಲೆ ಇಳಿದಾಗ ಅವುಗಳನ್ನು ನೆನೆದವರೆಷ್ಟು ಮಂದಿ?

ಈ ಪಯಣದ ಮೊದಲ ಮೆಟ್ಟಿಲು ಒಂದು ದೇವಾಲಯ. ಕೇರಳದ ತುಂಬಾದಲ್ಲಿ ರಾಕೆಟ್ ಕೇಂದ್ರಕ್ಕೆ ವಿಕ್ರಮ್ ಸಾರಾಭಾಯಿ ಜಾಗ ಹುಡುಕುತ್ತಿದ್ದಾಗ ಅಲ್ಲಿ ಮಗ್ದಲದ ಸಂತ ಮರಿಯಳ ದೇವಾಲಯವಿತ್ತು, ಸುತ್ತಲೂ ಬೆಸ್ತರ ಮನೆಗಳಿದ್ದವು. ಬಿಷಪ್ ಪೀಟರ್ ಬರ್ನಾರ್ಡ್ ಪಿರೇರಾರವರು ಭಾನುವಾರದ ಪೂಜೆಯಲ್ಲಿ ಜನರನ್ನೇ ಕೇಳಿದರು, ಜನ ಒಪ್ಪಿದರು ಎಂದು ಅಬ್ದುಲ್ ಕಲಾಂ ಹೇಳುತ್ತಿದ್ದರು. ದೇವಾಲಯವೇ ವಿಜ್ಞಾನಿಗಳ ಕಚೇರಿಯಾಯಿತು. 1963ರ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ ಹಾರಿತು.

ಅಷ್ಟು ದೂರ ಏಕೆ? ಮೌಳಂಗಿಯಲ್ಲಿ ನಮ್ಮ ಪಕ್ಕದಲ್ಲೇ ಕಾಳಿ ನದಿ ಹರಿಯುತ್ತಿದೆ. ಅದರ ನೀರಿನಿಂದ ನಾಡಿಗೆ ಬೆಳಕು ಬಂತು. ಅದಕ್ಕಾಗಿ ಸೂಪಾ ಊರು ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಅಲ್ಲಿಂದ ಎದ್ದವರಲ್ಲಿ ಹಲವರು ರಾಮನಗರದಲ್ಲಿ ನೆಲೆಸಿದರು. ಸ್ವಿಚ್ ಒತ್ತುವಾಗ ನಾವು ಅವರನ್ನು ನೆನೆಯುತ್ತೇವೆಯೇ?

ಕುಟುಂಬದಲ್ಲಿಯೂ ಹೀಗೆಯೇ. ಬೆಂಗಳೂರು, ಗೋವಾ, ಗಲ್ಫ್ ಎಂದು ಮಕ್ಕಳು ಮೇಲೇರುತ್ತಾರೆ. ಕೂಲಿ ಮಾಡಿ ಫೀಸು ಕಟ್ಟಿದ ಅಪ್ಪ, ಬಂಗಾರದ ಬಳೆ ಒತ್ತೆಯಿಟ್ಟ ಅಮ್ಮ, ತಮ್ಮನಿಗಾಗಿ ಶಾಲೆ ಬಿಟ್ಟ ಅಕ್ಕ ಹಿಂದೆ ಉಳಿಯುತ್ತಾರೆ. ಅವರಿಗೆ ಇದರಲ್ಲಿ ಬೇಸರವಿಲ್ಲ. ಸ್ನಾನಿಕ ಯೊವಾನ್ನನೂ ಪ್ರಭು ಯೇಸು ಬೆಳೆಯಲೆಂದು ಸಂತೋಷದಿಂದ ಹಿಂದೆ ಸರಿದವನೇ. ಆದರೆ ಒತ್ತಾಯದಿಂದ ಪಡೆದದ್ದು ತ್ಯಾಗವಲ್ಲ. ತುಂಬಾದ ಬಿಷಪರು ಮೊದಲು ಕೇಳಿದರು. ಮನೆಯಲ್ಲಿಯೂ ಕೇಳಬೇಕು. ಆ ಅಕ್ಕನನ್ನು ಯಾರಾದರೂ ಕೇಳಿದ್ದರೇ?

ಪ್ರಿಯರೇ, ಬೂಸ್ಟರು ಲೋಹ. ಅದು ಸಮುದ್ರಕ್ಕೆ ಬಿದ್ದರೆ ನೋವಿಲ್ಲ. ಮನುಷ್ಯ ಕಳಚಿ ಎಸೆಯುವ ವಸ್ತುವಲ್ಲ. ತಂದೆತಾಯಿಗಳನ್ನು ಗೌರವಿಸಬೇಕೆಂಬ ನಾಲ್ಕನೆಯ ಆಜ್ಞೆ ಎತ್ತರಕ್ಕೆ ಏರಿದವರಿಗೇ ಹೆಚ್ಚು ಅನ್ವಯಿಸುತ್ತದೆ. ಈ ಭಾನುವಾರ ಪೂಜೆ ಮುಗಿದ ಮೇಲೆ ನಿಮ್ಮನ್ನು ಎತ್ತಿದವರಲ್ಲಿ ಒಬ್ಬರ ಬಳಿಗೆ ಹೋಗಿ. ದೂರವಿದ್ದರೆ ಫೋನ್ ಮಾಡಿ. ಹಣ ಕಳುಹಿಸಿದರೆ ಸಾಲದು, ಅವರ ಮಾತು ಮುಗಿಯುವ ತನಕ ಕೇಳಿ. ತೀರಿಕೊಂಡಿದ್ದರೆ ಅವರ ಹೆಸರು ಹೇಳಿ ಪ್ರಾರ್ಥಿಸಿ.

ಉರಿದು ಮರೆಯಾದ ಯಾರನ್ನೂ ಮರೆಯದ ದೇವರು ನಿಮ್ಮ ಮನೆಯನ್ನು ಆಶೀರ್ವದಿಸಲಿ.