ತಾಯಿಯ ವಯಸ್ಸು ಮತ್ತು ನಮ್ಮ ಸಾಕ್ಷ್ಯ

ಓದುಗರೇ, ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ. ಬೀಡಿ ಕಟ್ಟಿ ಕಟ್ಟಿ ಬೆನ್ನು ಬಾಗಿದ ತಾಯಿಯೊಬ್ಬಳಿದ್ದಾಳೆ. ದುಡಿಯುವ ಶಕ್ತಿ ಮುಗಿದಿದೆ. ಪಿಂಚಣಿಯ ವಯಸ್ಸು ಬಂದಿಲ್ಲ. ಅರ್ಜಿಯಲ್ಲಿ ಐದು ವರ್ಷ ಹೆಚ್ಚು ಬರೆಸಿದರೆ ತಪ್ಪೇನು? ಸರಕಾರದ ಹಣ ತಾನೇ ಎನ್ನುವವರು ನಮ್ಮಲ್ಲಿ ಕಡಿಮೆಯೇನಿಲ್ಲ.

ಪಿಂಚಣಿ ಭಿಕ್ಷೆಯಲ್ಲ, ನಿಜ. ಬೇಡುತ್ತಿದ್ದ ವೃದ್ಧ ಯಹೂದಿಯನ್ನು ಕಂಡ ಖಲೀಫಾ ಉಮರ್(ರ) ಅವನಿಗೆ ಬೈತುಲ್ ಮಾಲ್‌ನಿಂದ ನೆರವು ಗೊತ್ತುಪಡಿಸಿದರು. ಯೌವನದಲ್ಲಿ ತೆರಿಗೆ ಪಡೆದು ಮುಪ್ಪಿನಲ್ಲಿ ಕೈಬಿಡುವುದು ಅವರ ದೃಷ್ಟಿಯಲ್ಲಿ ಅನ್ಯಾಯವಾಗಿತ್ತು.

ಆದರೆ ಹಕ್ಕಿಗೊಂದು ಅಳತೆಯಿದೆ. 2007ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆಗೆ 65 ವರ್ಷ ತುಂಬಿರಬೇಕು. ಬಡತನ ರೇಖೆಗಿಂತ ಕೆಳಗಿನವರಿಗಿರುವ ಕೇಂದ್ರದ ವೃದ್ಧಾಪ್ಯ ವೇತನಕ್ಕೆ 2011ರಿಂದ 60 ವರ್ಷ ಸಾಕು. ಸಾರ್ವಜನಿಕ ಖಜಾನೆ ಎಲ್ಲರ ಅಮಾನತ್ತು. ಅನರ್ಹರು ಹೆಚ್ಚಿದಂತೆ ತಪಾಸಣೆಯೂ ಬಿಗಿಯಾಗುತ್ತದೆ. ಆಗ ಕಚೇರಿಯಿಂದ ಕಚೇರಿಗೆ ಅಲೆಯಬೇಕಾದವಳು ನಿಜವಾಗಿಯೂ ಅರ್ಹಳಾದ ಮುದುಕಿಯೇ.

ಸಾಕ್ಷ್ಯವು ಸ್ವತಃ ನಮಗೆ ಅಥವಾ ಹೆತ್ತವರಿಗೆ ವಿರುದ್ಧವಾದರೂ ನ್ಯಾಯದ ಮೇಲೆ ಸ್ಥಿರವಾಗಿರಬೇಕೆಂದು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯ ಆಜ್ಞಾಪಿಸುತ್ತದೆ. ಜನನ ದಾಖಲೆಯಿಲ್ಲದವರ ವಯಸ್ಸನ್ನು ಪ್ರಾಮಾಣಿಕವಾಗಿ ಅಂದಾಜಿಸುವುದು ಸುಳ್ಳಲ್ಲ. ತಿಳಿದೂ ತಿಳಿದೂ ಕೂಡಿಸುವುದು ಸುಳ್ಳು.

ಹಾಗಾದರೆ ಆ ತಾಯಿ ಹಸಿದಿರಬೇಕೇ? ಖಂಡಿತ ಇಲ್ಲ. ಅಂಗವೈಕಲ್ಯವು ಶೇಕಡಾ 40ಕ್ಕೆ ಕಡಿಮೆಯಿಲ್ಲವೆಂದು ಸರಕಾರಿ ವೈದ್ಯರು ಪ್ರಮಾಣೀಕರಿಸಿದರೆ, ಇತರ ಷರತ್ತುಗಳಿಗೊಳಪಟ್ಟು, ಅಂಗವಿಕಲರ ವೇತನಕ್ಕೆ ಅರ್ಜಿ ಹಾಕಬಹುದು. ಅದಕ್ಕೆ ಮುಪ್ಪು ಬರುವ ತನಕ ಕಾಯಬೇಕಿಲ್ಲ. ಬಡ ವಿಧವೆಯರಿಗೆ ವಿಧವಾ ವೇತನವಿದೆ. ನಾಡಕಚೇರಿಗೆ ಹೋಗಿ ವಿಚಾರಿಸಿ.

ಅದಕ್ಕೂ ಮೊದಲು ಮಕ್ಕಳು ತಮ್ಮ ಜೇಬನ್ನು ನೋಡಿಕೊಳ್ಳಲಿ. ಹೆತ್ತವರಿಗೆ ಝಕಾತ್ ಕೊಡುವಂತಿಲ್ಲ, ಏಕೆ? ಅವರು ಬಡವರಾದರೆ ಅವರ ಪೋಷಣೆ ಶಕ್ತನಾದ ಮಗನ ಮೇಲೆ ಮೊದಲೇ ಕಡ್ಡಾಯವಾಗಿರುವುದರಿಂದ. ಶಕ್ತನಾದ ಮಗ ತಾಯಿಯ ವಯಸ್ಸನ್ನು ಏರಿಸಿದರೆ ಅದು ತಾಯಿಗೆ ಮಾಡಿದ ಉಪಕಾರವಲ್ಲ. ತನ್ನ ಸಾಲವನ್ನು ಊರಿನ ಮೇಲೆ ಹೊರಿಸಿದಂತೆ.

ಮಕ್ಕಳೇ ಇಲ್ಲದವಳಿಗೆ, ಇದ್ದರೂ ಕೈಲಾಗದವರಿರುವವಳಿಗೆ ಜಮಾಅತಿನ ಝಕಾತ್ ತಲುಪಬೇಕು. ನಮ್ಮ ನೆರೆಯ ವೃದ್ಧೆ ಅನ್ನಕ್ಕಾಗಿ ಸುಳ್ಳು ಹೇಳುವ ಸ್ಥಿತಿ ಬಂದರೆ, ನಾಳೆ ಪರಲೋಕದಲ್ಲಿ ಆಕೆಯನ್ನು ಮಾತ್ರ ಪ್ರಶ್ನಿಸಲಾಗುವುದೇ? ನಮ್ಮನ್ನು ಬಿಡಲಾಗುವುದೇ?

ಹಲಾಲಾದ ತುತ್ತನ್ನೂ ಹೆತ್ತವರ ಸೇವೆಯ ಭಾಗ್ಯವನ್ನೂ ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.