ಇಂದಿನ ಧಮ್ಮ ಚಿಂತನೆ: ಕೊನೆಗೆ ಬರುವವನಿಗಾಗಿ ಕಾಯುವುದು

 



ಧಮ್ಮಪದದ ಅಟ್ಠಕಥೆಯಲ್ಲಿ ಆಳವಿ ಎಂಬ ಊರಿನ ಪ್ರಸಂಗವೊಂದು ಬರುತ್ತದೆ. ಬುದ್ಧರು ತನ್ನೂರಿಗೆ ಬರುತ್ತಾರೆಂದು ತಿಳಿದ ಒಬ್ಬ ಬಡ ರೈತ ಧಮ್ಮ ಕೇಳಲು ಹಂಬಲಿಸಿದ್ದ. ಆದರೆ ಅದೇ ದಿನ ಅವನ ಎತ್ತು ತಪ್ಪಿಸಿಕೊಂಡಿತು. ಎತ್ತಿಲ್ಲದೆ ಬೇಸಾಯವಿಲ್ಲ, ಹುಡುಕಲು ಹೋದ. ಇತ್ತ ಭಿಕ್ಖುಗಳ ಊಟ ಮುಗಿಯಿತು, ಊರ ಜನ ಬಂದು ಕುಳಿತರು. ಬುದ್ಧರು ಮಾತಾಡಲಿಲ್ಲ, ಸುಮ್ಮನೆ ಕಾದರು. ಕೊನೆಗೆ ಆ ರೈತ ಹಸಿದು ಬಳಲಿ ಬಂದ. ಆಗಲೂ ಅವರು ಉಪದೇಶ ಶುರುಮಾಡಲಿಲ್ಲ. ಉಳಿದ ಅನ್ನವಿದ್ದರೆ ಇವನಿಗೆ ಮೊದಲು ಬಡಿಸಿ ಎಂದರು. ಅವನು ಉಂಡು ದಣಿವಾರಿಸಿಕೊಂಡ ಮೇಲೆಯೇ ಧಮ್ಮ ಹೇಳಿದರು.

ಈ ಪ್ರಸಂಗವನ್ನು ನಾವು ಸಾಮಾನ್ಯವಾಗಿ ಹಸಿವಿನ ಪಾಠವಾಗಿ ಓದುತ್ತೇವೆ. ನನಗೆ ಅದರಲ್ಲಿ ಇನ್ನೊಂದು ಮಾತೂ ಕೇಳಿಸುತ್ತದೆ. ಆ ದಿನದ ಸಭೆಯ ಹೊತ್ತನ್ನು ನಿರ್ಧರಿಸಿದವನು ಕೊನೆಗೆ ಬಂದ ರೈತ. ಬರಲಾಗದವನ ಕಷ್ಟಕ್ಕೆ ತಕ್ಕಂತೆ ಉಳಿದವರ ಗಡಿಯಾರ ನಡೆಯಿತು.

ನಮ್ಮ ಬೇಸಿಗೆಯ ಗಡಿಯಾರ ಯಾರಿಗಾಗಿ ನಡೆಯುತ್ತಿದೆ?

ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ಬಂತೆಂದರೆ ಸರ್ಕಾರಿ ಕಚೇರಿಗಳ ಸಮಯ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30 ಆಗುತ್ತದೆ. ಶಾಲೆಗಳಿಗೆ ರಜೆ. ನಾನೂ ಮನೆಯಲ್ಲಿ ಫ್ಯಾನಿನ ಕೆಳಗಿರುತ್ತೇನೆ. ಇದು ತಪ್ಪಲ್ಲ, ಒಳ್ಳೆಯ ಏರ್ಪಾಡೇ. ಆದರೆ ಇಟ್ಟಿಗೆ ಭಟ್ಟಿಯ ಅಕ್ಕನಿಗೆ, ಕಟ್ಟಡದ ಕೂಲಿಯ ಅಣ್ಣನಿಗೆ, ತಳ್ಳುಗಾಡಿಯ ಅಜ್ಜನಿಗೆ ಇಂಥ ಆದೇಶ ಬರುವುದಿಲ್ಲ. ಸಂಜೆ ಅವರು ಮರಳುವುದು ತಗಡಿನ ಮನೆಗೆ. ಹಗಲೆಲ್ಲ ಕಾದ ತಗಡಿನ ಕೆಳಗೆ ರಾತ್ರಿಯೂ ಮೈ ತಣಿಯುವುದಿಲ್ಲ. ಕೆಲಸದ ಜಾಗದಲ್ಲಿ ಶೌಚಾಲಯವಿಲ್ಲವೆಂದು ಎಷ್ಟೋ ಹೆಣ್ಣುಮಕ್ಕಳು ಬಾಯಾರಿದರೂ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಬಿಸಿಲು ಎಲ್ಲರ ಮೇಲೂ ಬೀಳುತ್ತದೆ, ನೆರಳು ಎಲ್ಲರಿಗೂ ಸಿಗುವುದಿಲ್ಲ.

ಭೂಮಿ ಬಿಸಿಯಾಗುತ್ತಿರುವುದಕ್ಕೆ ಕಾರಣ ಕಲ್ಲಿದ್ದಲು, ಪೆಟ್ರೋಲು, ಡೀಸೆಲ್‌ಗಳ ಹೊಗೆ. ಆ ಅಕ್ಕನ, ಅಣ್ಣನ, ಅಜ್ಜನ ಪಾಲು ಅದರಲ್ಲಿ ತೀರಾ ಕಡಿಮೆ. ದುಃಖಕ್ಕೆ ಕಾರಣ ಹುಡುಕು ಎಂದವರು ಬುದ್ಧರೇ, ಆ ಪ್ರಶ್ನೆಯನ್ನು ಬಿಡಬಾರದು. ಹಾಗೆಯೇ, ವಿಷದ ಬಾಣ ನೆಟ್ಟವನಿಗೆ ಮೊದಲು ಬಾಣ ಕೀಳಬೇಕು ಎಂದವರೂ ಅವರೇ.

ಬಾಣ ಕೀಳಲು ಸಾಧ್ಯವಿದೆ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ತಾಪ 46.8 ಡಿಗ್ರಿ ಮುಟ್ಟಿತು. ಆ ಒಂದೇ ತಿಂಗಳಲ್ಲಿ ವಾಡಿಕೆಗಿಂತ 1,344 ಸಾವು ಹೆಚ್ಚಾದವು ಎಂದು ಅಧ್ಯಯನ ಲೆಕ್ಕ ಹಾಕಿತು. 2013ರಲ್ಲಿ ಆ ನಗರ ಬಿಸಿಲಿಗೆಂದೇ ಒಂದು ಯೋಜನೆ ತಂದಿತು. ಅದರಲ್ಲಿ ಪವಾಡವೇನಿಲ್ಲ: ಮೊದಲೇ ಎಚ್ಚರಿಕೆ ಕೊಡುವುದು, ಆಸ್ಪತ್ರೆಯವರಿಗೆ ತರಬೇತಿ, ಕುಡಿಯುವ ನೀರು, ತಂಪಾದ ತಾಣ, ಮುಂದೆ ಬಡವರ ಮನೆಗಳ ಮಾಳಿಗೆಗೆ ಬಿಳಿ ಬಣ್ಣ. ಸಾವುಗಳು ಗಣನೀಯವಾಗಿ ತಗ್ಗಿದವೆಂದು ನಂತರದ ಅಧ್ಯಯನ ತೋರಿಸಿತು.

ಸತ್ತವರ ಮನೆಗೆ ಹೋಗಿ ಕಣ್ಣೀರಿಡುವುದೂ ಕರುಣೆಯೇ. ಬಿಸಿಲು ಏರುವ ಮುಂಚೆಯೇ ನೀರಿನ ಕೊಡ ಇಡುವುದು ಎಚ್ಚರಗೂಡಿದ ಕರುಣೆ. ಈ ಎಚ್ಚರವೇ ಅಪ್ಪಮಾದ. ಪರಿನಿಬ್ಬಾಣದ ಹೊತ್ತಿನಲ್ಲಿ ಬುದ್ಧರು ಕೊನೆಯದಾಗಿ ನೆನಪಿಸಿದ್ದು ಅದನ್ನೇ. ದಾರಿಯಲ್ಲಿ ಬಾವಿ ತೋಡಿಸಿದೆ, ಮನುಷ್ಯರಿಗೂ ಪ್ರಾಣಿಗಳಿಗೂ ಆಗಲೆಂದು ಮರ ನೆಡಿಸಿದೆ ಎಂದು ಅಶೋಕ ಬಂಡೆಯ ಮೇಲೆ ಬರೆಸಿದ. ಅದೂ ಅಪ್ಪಮಾದವೇ.

ಅರವಟ್ಟಿಗೆ ನಮ್ಮ ನಾಡಿಗೆ ಹೊಸದಲ್ಲ. ಅದನ್ನು ಎಲ್ಲಿ ಇಡುತ್ತೇವೆ ಎಂಬುದೇ ಪ್ರಶ್ನೆ. ನಮ್ಮ ಫೋಟೋಕ್ಕೆ ಅನುಕೂಲವಾದ ವೃತ್ತದಲ್ಲೋ, ಕೂಲಿಯವರು ಕೆಲಸಕ್ಕಾಗಿ ಕಾದು ನಿಲ್ಲುವ ನಾಕಾದಲ್ಲೋ? ಆ ನೀರನ್ನು ಯಾರು ಬೇಕಾದರೂ ತಾವೇ ಮೊಗೆದು ಕುಡಿಯಬಹುದೋ, ಮೇಲಿಂದ ಸುರಿಯುತ್ತೇವೋ? 1927ರಲ್ಲಿ ಬಾಬಾಸಾಹೇಬರು ಮಹಾಡಿನ ಚವದಾರ ಕೆರೆಯ ನೀರು ಕುಡಿದದ್ದು ಬಾಯಾರಿಕೆಗಷ್ಟೇ ಆಗಿರಲಿಲ್ಲ ಎಂಬುದನ್ನು ನಾವು ಮರೆಯುವಂತಿಲ್ಲ.

ಈ ವಾರದ ಸಾಧನೆ:

1. ನಿಮ್ಮ ಓಣಿಯಲ್ಲಿ ತಗಡಿನ ಮನೆಯಲ್ಲಿರುವ, ಒಂಟಿಯಾಗಿರುವ ಹಿರಿಯರು ಯಾರೆಂದು ಹೆಸರು ಬರೆದುಕೊಳ್ಳಿ. ಕಡುಬಿಸಿಲಿನ ದಿನ ಎರಡು ಸಲ ಹೋಗಿ ಮಾತಾಡಿಸಿ ಬನ್ನಿ.

2. ಅವರ ಒಪ್ಪಿಗೆ ಪಡೆದು ಮಾಳಿಗೆಗೆ ಸುಣ್ಣ ಬಳಿಯಿರಿ. ಒಳಗಿನ ಕಾವು ತಗ್ಗುತ್ತದೆ.

3. ಕೂಲಿಯವರನ್ನು ಕರೆಯುವವರು ನೀವಾದರೆ, ಕೆಲಸ ನಸುಕಿನಲ್ಲೇ ಶುರುವಾಗಲಿ, ನಡುಮಧ್ಯಾಹ್ನ ನಿಲ್ಲಲಿ, ಕೂಲಿ ಕಡಿಯಬೇಡಿ. ನಿಮ್ಮ ಮನೆಯ ಶೌಚಾಲಯದ ಬಾಗಿಲು ಅವರಿಗೂ ತೆರೆದಿರಲಿ.

4. ಬಿಸಿಲಲ್ಲಿ ಯಾರಾದರೂ ತೊದಲಿದರೆ, ಪ್ರಜ್ಞೆ ತಪ್ಪಿದರೆ ತಕ್ಷಣ 108ಕ್ಕೆ ಕರೆಮಾಡಿ. ನೆರಳಿಗೆ ಒಯ್ದು ಮೈಗೆ ನೀರು ಹಾಕಿ ಗಾಳಿ ಬೀಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಇವನ್ನು ಮಾಡುವ ಮೊದಲು ಅವರನ್ನೇ ಕೇಳಿ. ಯಾವ ಹೊತ್ತು ಕಷ್ಟ, ಯಾವ ಮರದಡಿ ನೆರಳು, ಎಲ್ಲಿ ನೀರು ಬೇಕು ಎಂಬುದು ಅವರಿಗೆ ಗೊತ್ತಿದ್ದಷ್ಟು ನಮಗೆ ಗೊತ್ತಿಲ್ಲ.

ಸಂಜೆ ಮೆತ್ತಾ ಭಾವನೆಗೆ ಕುಳಿತಾಗ "ಎಲ್ಲ ಜೀವಿಗಳೂ" ಎಂಬಲ್ಲಿ ಒಂದು ಕ್ಷಣ ನಿಲ್ಲಿ. ಇನ್ನೂ ಬಿಸಿಲಲ್ಲೇ ಇರುವ ಒಬ್ಬರ ಮುಖವನ್ನು ಮನಸ್ಸಿಗೆ ತಂದುಕೊಳ್ಳಿ. ಬೆಳಿಗ್ಗೆ ಅವರ ಬಳಿ ಹೋಗಿ.

ಸಾಧು! ಸಾಧು! ಸಾಧು!