ತಣ್ಣಗಿದ್ದಾಗ ಬರುವ ಸದ್ದು

ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಬಂದ ತಾಯಂದಿರನ್ನು ಏನು ನೋಡಿ ಬಂದಿರಿ ಎಂದು ಕೇಳಿದರೆ ನಯಾಗರ ಜಲಪಾತವೆಂದೋ ನ್ಯೂಯಾರ್ಕಿನ ಪ್ರತಿಮೆಯೆಂದೋ ಹೇಳುತ್ತಾರೆ. ನಾನು ಹೋದದ್ದು 2004ರ ಜನವರಿಯಲ್ಲಿ, ಓಹಾಯೋ ರಾಜ್ಯದ ಕೊಲಂಬಸ್ ಊರಿಗೆ. ಆ ಚಳಿಯಲ್ಲಿ ಹಸುಗೂಸನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ಹಾಗಾಗಿ ನಾನು ನೋಡಿ ಬಂದದ್ದು ಹೆಚ್ಚಿಲ್ಲ. ಕೇಳಿ ಬಂದದ್ದು ಮಾತ್ರ ಒಂದಿದೆ. ಅದು ನನ್ನ ಮಗಳ ಹಳೆಯ ಕಾರಿನ ಗೇರ್ ಪೆಟ್ಟಿಗೆಯ ಸದ್ದು.

ಆ ಕಾರು 1992ರದು. ಮಗಳು ಅಳಿಯ ಕೊಳ್ಳುವಾಗಲೇ ಮೂರನೆಯ ಕೈ. ನಾನು ಹೋದಾಗ ಅದರ ಮೀಟರು 1,68,000 ಮೈಲಿ ತೋರಿಸುತ್ತಿತ್ತು. ನಮ್ಮ ಲೆಕ್ಕದಲ್ಲಿ 2,70,000 ಕಿಲೋಮೀಟರು; ಭೂಮಿಯನ್ನು ಆರು ಸುತ್ತು ಹಾಕಿ ಏಳನೆಯದರಲ್ಲಿತ್ತು ಅನ್ನಿ. ವಿಮಾನ ನಿಲ್ದಾಣದಿಂದ ಮನೆಗೆ ಬರುವಾಗಲೇ ನನಗೆ ಕೇಳಿಸಿತು, ಸಣ್ಣಗೆ, ಕೊಂಯ್... ಎಂದು. ಸಿಗ್ನಲ್ ಬಿಟ್ಟು ಹೊರಡುವಾಗ ಅದರ ಸ್ವರ ಏರುತ್ತಿತ್ತು, ನಿಂತಾಗ ಇಳಿಯುತ್ತಿತ್ತು. ಮದುವೆಗೆ ಮುಂಚೆ ಏಳು ವರ್ಷ ವೀಣೆ ಕಲಿತವಳು ನಾನು. ಮದುವೆಯ ನಂತರ ವೀಣೆ ಅಟ್ಟ ಸೇರಿತು, ಕಿವಿ ಮಾತ್ರ ಉಳಿಯಿತು.

“ಏನೋ ಕೂಗ್ತಾ ಇದೆಯಲ್ಲೇ” ಎಂದೆ.

“ಹಳೇ ಕಾರಮ್ಮ, ಚಳಿಗೆ ಹಾಗೇ” ಎಂದಳು ಮಗಳು.

ಈ ಉತ್ತರ ನಮಗೆಲ್ಲ ಚೆನ್ನಾಗಿ ಗೊತ್ತಿರುವುದೇ. ನಮ್ಮ ಅತ್ತೆ ಹತ್ತು ವರ್ಷ ಸೊಂಟ ಸೊಂಟ ಎಂದು ನರಳಿದರು. ವಯಸ್ಸಾಯಿತು, ಚಳಿಗೆ ಹಾಗೇ, ಎಂದು ನಾವೂ ಹತ್ತು ವರ್ಷ ಹೇಳಿದೆವು. ಕೂತಾಗ ನೋಯುತ್ತದೆಯೋ, ಎದ್ದಾಗಲೋ, ಬೆಳಿಗ್ಗೆಯೋ ರಾತ್ರಿಯೋ ಎಂದು ಮನೆಯಲ್ಲಿ ಯಾರೂ ಕೇಳಿದ್ದು ನೆನಪಿಲ್ಲ. ನಾನೂ ಕೇಳಲಿಲ್ಲ. ಸದಾ ಬರುವ ನರಳಿಕೆಗೆ ಒಂದು ಅನುಕೂಲವಿದೆ ನೋಡಿ, ಅದು ಬೇಗ ಮನೆಯ ಸದ್ದುಗಳಲ್ಲಿ ಒಂದಾಗಿಬಿಡುತ್ತದೆ.

ಕಾರಿನ ಪುಣ್ಯ, ಅದಕ್ಕೆ ಅಷ್ಟು ಕಾಯಬೇಕಾಗಲಿಲ್ಲ. ಕೂಸಿಗೆ ಒಂದು ತಿಂಗಳಾಗುವ ಹೊತ್ತಿಗೆ ಮಗಳಿಗೂ ಕೂಗು ಕೇಳಿಸತೊಡಗಿತು. ಅಳಿಯಂದಿರು ಅದನ್ನು ಒಂದು ರಿಪೇರಿ ಅಂಗಡಿಗೆ ಒಯ್ದರು. ಅಲ್ಲಿನವನು ಬಾನೆಟ್ ಕೂಡ ಎತ್ತದೆ ಅಂಗಳದಲ್ಲಿ ಒಂದು ಸುತ್ತು ಓಡಿಸಿ, ಇಡೀ ಗೇರ್ ಪೆಟ್ಟಿಗೆ ಬಿಚ್ಚಿ ಕಟ್ಟಬೇಕು, 2,200 ಡಾಲರ್ ಎಂದನಂತೆ. ಕಾರಿಗೇ ಅಷ್ಟು ಬೆಲೆಯಿಲ್ಲ. ಹೆರಿಗೆಯ ಬಿಲ್ಲುಗಳು ಇನ್ನೂ ಅಂಚೆಯಲ್ಲಿ ಬರುತ್ತಲೇ ಇದ್ದವು. ಅಂದು ರಾತ್ರಿ ಇಬ್ಬರೂ ಸರಿಯಾಗಿ ಊಟ ಮಾಡಲಿಲ್ಲ.

ಕೆಳಮನೆಯಲ್ಲಿ ಒಬ್ಬ ಮುದುಕರಿದ್ದರು. ಊರಿನ ಬಸ್ಸುಗಳ ಗ್ಯಾರೇಜಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಾನು ಮಾಡಿದ ಕೊಬ್ಬರಿ ಮಿಠಾಯಿ ತಿಂದು ನನಗೆ ಸಲಾಮು ಹೊಡೆದಿದ್ದರು. ಒಂದು ಭಾನುವಾರ ಅವರು ತಾವಾಗಿಯೇ ಬಂದು, ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಎಂದರು. ಕೂಸು ಮಲಗಿತ್ತು. ನಾನೂ ಶಾಲು ಹೊದ್ದು ಹೊರಗೆ ನಿಂತೆ. ಮಗಳು ನಡುವೆ ನಿಂತು ಅವರ ಮಾತನ್ನು ನನಗೆ ಹೇಳುತ್ತಿದ್ದಳು.

ಅವರು ಮೊದಲು ಕೇಳಿದ್ದು, ಸದ್ದು ಯಾವಾಗ ಬರುತ್ತದೆ ಎಂದು. ಯಾಕೆ ಎಂದಲ್ಲ, ಯಾವಾಗ. ಕಾರನ್ನು ನಿಂತಲ್ಲೇ ನಿಲ್ಲಿಸಿ, ಗೇರನ್ನು ಪಾರ್ಕಿನಲ್ಲಿಟ್ಟು ವೇಗದ ಪೆಡಲು ಒತ್ತಿಸಿದರು. ಕೂಗು ಏರಿತು. ಹಾಗಾದರೆ ಚಕ್ರದ ಬೇರಿಂಗ್ ಅಲ್ಲ, ಚಕ್ರಗಳಿಗೆ ಶಕ್ತಿ ಹಂಚುವ ಹಲ್ಲುಗಾಲಿಗಳೂ ಅಲ್ಲ. ಅವು ಓಡುವಾಗ ಮಾತ್ರ ಕೂಗುವಂಥವು. ಆಮೇಲೆ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿದರು. ಸ್ವರ ಬದಲಾಗಲಿಲ್ಲ. ಸ್ಟೀರಿಂಗನ್ನು ಹಗುರ ಮಾಡುವ ಪಂಪೂ ಹೀಗೇ ಕೊಂಯ್ ಎನ್ನುತ್ತದಂತೆ, ಎಷ್ಟೋ ಜನ ಅದರ ತಪ್ಪಿಗೆ ಗೇರ್ ಪೆಟ್ಟಿಗೆಯನ್ನು ಬಿಚ್ಚಿಸಿ ದುಡ್ಡು ಕಳೆದುಕೊಳ್ಳುತ್ತಾರಂತೆ. ಅನುಮಾನ ಉಳಿಯದಿರಲೆಂದು ಇಂಜಿನ್ ನಿಲ್ಲಿಸಿ, ಮುಂದಿನ ಬೆಲ್ಟನ್ನೇ ತೆಗೆದು, ಅರ್ಧ ನಿಮಿಷ ಚಾಲೂ ಮಾಡಿದರು. ಈಗ ಸ್ಟೀರಿಂಗ್ ಪಂಪೂ ಸುಮ್ಮನೆ, ಕರೆಂಟು ಹುಟ್ಟಿಸುವ ಯಂತ್ರವೂ ಸುಮ್ಮನೆ. ಕೂಗು ಮಾತ್ರ ಇದ್ದ ಹಾಗೇ ಇತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಗೇರ್ ಪೆಟ್ಟಿಗೆಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಆ ಹಿಡಿಯನ್ನು ನನ್ನ ಕಡೆ ಚಾಚಿದರು! ನಾನೂ ಕಿವಿಯಿಟ್ಟೆ. ತಂಬೂರಿಯ ಬುರುಡೆಗೆ ಕೆನ್ನೆ ಇಟ್ಟ ಹಾಗಾಯಿತು.

ಕ್ಲಚ್ ತುಳಿಯದೆ ತಾನೇ ಗೇರು ಬದಲಿಸಿಕೊಳ್ಳುವ ಈ ಪೆಟ್ಟಿಗೆಗಳು ಅಲ್ಲಿ ಹೊಸವಲ್ಲ. ಜನರಲ್ ಮೋಟಾರ್ಸ್ 1940ರ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲೇ ಅಂಥದ್ದನ್ನು ಮಾರಾಟಕ್ಕೆ ತಂದಿತ್ತು. ಒಳಗೆ ಏನು ನಡೆಯುತ್ತದೆಂದು ಮುದುಕರು ಕೈಯಲ್ಲೇ ತೋರಿಸಿದರು. ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದನ್ನು ಹಾಕಿದರೆ ಇನ್ನೊಂದೂ ತಿರುಗುವುದಿಲ್ಲವೇ, ಹಾಗೆ. ಅಲ್ಲಿ ಗಾಳಿ, ಇಲ್ಲಿ ಎಣ್ಣೆ. ಆ ಎಣ್ಣೆಯನ್ನು ತಳದ ತಟ್ಟೆಯಿಂದ ಜಾಲರಿಯ ಮೂಲಕ ಮೇಲೆ ಹೀರುವುದು ಒಂದು ಪಂಪು. ಎಣ್ಣೆ ಕಡಿಮೆಯಾದರೆ, ಇಲ್ಲವೇ ಜಾಲರಿ ಕಟ್ಟಿಕೊಂಡರೆ, ಪಂಪು ಎಣ್ಣೆಯ ಜೊತೆ ಗಾಳಿಯನ್ನೂ ಹೀರಿ ಕೂಗುತ್ತದೆ. ಎಳನೀರು ತಳಕ್ಕೆ ಬಂದ ಮೇಲೂ ಮಕ್ಕಳು ಕೊಳವೆ ಬಿಡದೆ ಹೀರುತ್ತಾರಲ್ಲ, ಅದೇ.

ಇಂಜಿನ್ ಬಿಸಿಯಾಗಿ ಓಡುತ್ತಿರುವಂತೆಯೇ ಅಳತೆಯ ಕಡ್ಡಿಯನ್ನು ಎಳೆದು ಬಿಳಿಯ ಕಾಗದಕ್ಕೆ ಒರೆಸಿದರು. ಒಳ್ಳೆಯ ಎಣ್ಣೆ ಕುಂಕುಮದ ನೀರಿನ ಹಾಗೆ ಕೆಂಪಗಿರಬೇಕಂತೆ. ಇದು ಬತ್ತಿಸಿದ ಕಷಾಯದ ಬಣ್ಣ, ಸೀದ ವಾಸನೆ. ಮಟ್ಟವೂ ಗೆರೆಗಿಂತ ಕೆಳಗೆ. ಆಗ ಅವರು ಹೇಳಿದ ಮಾತನ್ನು ಮಗಳಿಂದ ಎರಡು ಸಲ ಹೇಳಿಸಿಕೊಂಡೆ. ಇಂಜಿನ್ನಿನ ಎಣ್ಣೆ ಅಷ್ಟಿಷ್ಟು ಸುಟ್ಟು ಹೋಗಬಹುದು, ಆದರೆ ಗೇರ್ ಪೆಟ್ಟಿಗೆಯ ಎಣ್ಣೆ ಖರ್ಚಾಗುವ ವಸ್ತುವಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ. ಬಗ್ಗಿ ನೋಡಿದರೆ ಕಾರಿನಡಿಯ ಹಿಮದ ಮೇಲೆ ಕಂದುಗೆಂಪು ಚುಕ್ಕೆಗಳು. ರೇಡಿಯೇಟರಿಗೆ ಹೋಗುವ ಸಣ್ಣ ಕೊಳವೆಯ ಕೊರಳಲ್ಲಿ ಸೋರಿಕೆ.

(ಈ ಎಣ್ಣೆಯ ಬಗ್ಗೆ ಆಮೇಲೆ ಓದಿ ತಿಳಿದ ಒಂದು ಸಂಗತಿ ಹೇಳಿಬಿಡುತ್ತೇನೆ. 1970ರ ದಶಕದ ಮೊದಲ ವರ್ಷಗಳವರೆಗೂ ಅಮೆರಿಕದಲ್ಲಿ ಗೇರ್ ಪೆಟ್ಟಿಗೆಯ ಎಣ್ಣೆಗೆ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. ತಿಮಿಂಗಿಲಗಳನ್ನು ಉಳಿಸಲು ಅಲ್ಲಿನ ಸರ್ಕಾರವೇ ಅದನ್ನು ತಡೆಯಿತು. ಕಾರು ಸದ್ದಿಲ್ಲದೆ ಓಡಲಿ ಎಂದು ಸಮುದ್ರದಲ್ಲಿ ಯಾವುದೋ ಜೀವ ಸುಮ್ಮನಾಗುತ್ತಿತ್ತು.)

ಕೊಳವೆ ಬದಲಾಯಿತು. ತಳದ ತಟ್ಟೆ ಇಳಿಸಿದರು. ಅದರೊಳಗಿನ ಅಯಸ್ಕಾಂತಕ್ಕೆ ಬೂದು ಕೆಸರು ಮೆತ್ತಿತ್ತು. ಅಷ್ಟು ಸಹಜವಂತೆ. ಆದರೆ ಆ ಕೆಸರಿನಲ್ಲಿ ನಾಲ್ಕೈದು ಹೊಳೆಯುವ ಚೂರುಗಳೂ ಇದ್ದವು. ಅದು ಸಹಜವಲ್ಲ. ಹೊಸ ಜಾಲರಿ, ಹೊಸ ಎಣ್ಣೆ, ಎಲ್ಲ ಸೇರಿ ನೂರು ಡಾಲರಿನೊಳಗೆ ಮುಗಿಯಿತು. ಕೂಗು ಮುಕ್ಕಾಲು ಪಾಲು ಹೋಯಿತು. ಕಾರು ಬಿಸಿಯಾದ ಮೇಲಂತೂ ಪೂರ್ತಿ ಮೌನ. ತಣ್ಣಗಿರುವಾಗ, ಬೆಳಿಗ್ಗೆ ಮೊದಲ ಹತ್ತು ನಿಮಿಷ, ಎಣ್ಣೆ ಗಟ್ಟಿಯಾಗಿರುವಾಗ ಮಾತ್ರ ಸಣ್ಣಗೆ ಕೊಂಯ್. ಪಂಪು ಬಹಳ ದಿನ ಉಪವಾಸ ಓಡಿ ಸವೆದಿದೆ, ಎರಡು ವರ್ಷ ಬಂದರೂ ಬಂತು, ಎರಡು ತಿಂಗಳಿಗೆ ಹೋದರೂ ಹೋಯಿತು ಎಂದರು ಮುದುಕರು.

ಇಲ್ಲಿಯವರೆಗೆ ಇದು ಕಾರಿನ ಕಥೆ. ಕೂಸು ಬಂದಿದೆ, ಗಟ್ಟಿ ಕಾರು ಬೇಕೆಂದು ಇದನ್ನು ಮಾರುವ ಮಾತು ಬಂದದ್ದು ಮಾರ್ಚಿನಲ್ಲಿ. ಹೀಗೇ ಕೊಟ್ಟರೆ 2,000 ಡಾಲರು, ಗೇರ್ ಪೆಟ್ಟಿಗೆಯ ಸಂಗತಿ ಹೇಳಿದರೆ ಸಾವಿರವೂ ಕಷ್ಟ. ವಿಶ್ವವಿದ್ಯಾಲಯಕ್ಕೆ ಹೊಸದಾಗಿ ಬಂದ ದಾವಣಗೆರೆಯ ಕಡೆಯ ಹುಡುಗನೊಬ್ಬ ನೋಡಲು ಬರುವವನಿದ್ದ. ಅಂದು ಸಂಜೆ ಅವನು ಬರುವ ಅರ್ಧ ಗಂಟೆಗೆ ಮೊದಲು ಅಳಿಯಂದಿರು ಕೆಳಗಿಳಿದು ಕಾರು ಚಾಲೂ ಮಾಡಿ ಬಂದರು. “ಬಿಸಿಯಾಗಿರಲಿ” ಎಂದರು. ಮಗಳು ತಲೆ ತಗ್ಗಿಸಿ ಕೂಸಿನ ಕುಲಾವಿಯ ದಾರ ಬಿಚ್ಚಿದಳು, ಕಟ್ಟಿದಳು.

ನನ್ನ ಮುಖ ನೋಡಿ ಅವರೇ ಹೇಳಿದರು: “ನಾವು ಸುಳ್ಳು ಹೇಳ್ತಿಲ್ಲವಲ್ಲ ಅತ್ತೆ. ಕೇಳಿದರೆ ಹೇಳೋಣ. ಈ ದೇಶದಲ್ಲಿ ಹಳೇ ಸಾಮಾನು ಇದ್ದ ಹಾಗೆ ಮಾರೋದೇ ಪದ್ಧತಿ.”

ಅವರದು ಅನ್ಯಾಯದ ಮಾತೆಂದು ಹೇಳಲಾರೆ. ನಮ್ಮ ಜಾತ್ರೆಗಳಲ್ಲೂ ಎತ್ತು ಕೊಳ್ಳುವವನು ತಾನೇ ಹಲ್ಲು ಹಿಡಿದು ನೋಡಿ, ನಡೆಸಿ ನೋಡಿ, ಟವೆಲ್ಲಿನಡಿ ಬೆರಳು ಮುಟ್ಟಿ ಬೆಲೆ ಕಟ್ಟುತ್ತಾನೆ. ಹಳೆಯ ಕಾರು ಮಾರುವ ಅಂಗಡಿಯವರು ವಾರಂಟಿ ಉಂಟೋ ಇಲ್ಲವೋ ಎಂಬ ಚೀಟಿಯನ್ನು ಕಿಟಕಿಗೆ ಅಂಟಿಸಬೇಕೆಂಬ ನಿಯಮ 1985ರಿಂದ ಅಲ್ಲಿದೆ. ಮನೆಯವರು ಮಾರಿದರೆ ಆ ನಿಯಮವೂ ಇಲ್ಲ. ಅರ್ಥಶಾಸ್ತ್ರ ಓದಿದ ನನ್ನ ಮಗ ಬೇರೆ ಒಂದು ಮಾತು ಹೇಳುತ್ತಾನೆ. ಅಕರ್ಲಾಫ್ ಎಂಬವರು 1970ರಲ್ಲಿ ಹಳೆಯ ಕಾರುಗಳನ್ನೇ ಉದಾಹರಣೆಯಾಗಿಟ್ಟುಕೊಂಡು ಒಂದು ಲೇಖನ ಬರೆದರು, 2001ರಲ್ಲಿ ಅವರಿಗೆ ನೊಬೆಲ್ ಬಂತು. ಒಳಗಿನ ರೋಗ ಮಾರುವವನಿಗೆ ಮಾತ್ರ ಗೊತ್ತಿರುವ ಸಂತೆಯಲ್ಲಿ ಕೊಳ್ಳುವವರು ಎಲ್ಲವನ್ನೂ ಅನುಮಾನಿಸಿ ಬೆಲೆ ಇಳಿಸುತ್ತಾರೆ, ಒಳ್ಳೆಯ ಕಾರಿನವರು ಸಂತೆಗೇ ಬರುವುದು ಬಿಡುತ್ತಾರೆ ಎಂಬುದು ಅದರ ಸಾರ. ಇರಬಹುದು. ಅಂದು ಸಂಜೆ ನನ್ನ ತಲೆಯಲ್ಲಿ ಅರ್ಥಶಾಸ್ತ್ರವಿರಲಿಲ್ಲ. ಇದ್ದದ್ದು ಧರ್ಮರಾಯ.

ದ್ರೋಣರು ಅವನನ್ನೇ ಏಕೆ ಕೇಳಿದರು? ಅವನು ಸುಳ್ಳು ಹೇಳುವವನಲ್ಲ ಎಂದು. ಅವನೂ ಸುಳ್ಳು ಹೇಳಲಿಲ್ಲ. ಅಶ್ವತ್ಥಾಮ ಸತ್ತ ಎಂದು ಗಟ್ಟಿಯಾಗಿ ಹೇಳಿದ, ಆನೆ ಎಂದು ಮೆಲ್ಲಗೆ ಹೇಳಿದ. ನಮ್ಮ ಹರಿಕಥೆಯವರು ಹೇಳುವಂತೆ ಅಷ್ಟರಲ್ಲಿ ಕೃಷ್ಣ ಶಂಖ ಊದಿದ. ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ರಥ ನೆಲಕ್ಕಿಳಿಯಿತು. ಅರ್ಧ ಗಂಟೆ ಮೊದಲೇ ಬಿಸಿ ಮಾಡಿಟ್ಟ ಇಂಜಿನ್ನೂ ಒಂದು ಶಂಖವೇ ಅಲ್ಲವೇ?

ಅಳಿಯಂದಿರಿಗೆ ಇದನ್ನು ಹೇಳುವಷ್ಟು ಬಾಯಿ ನನಗಿರಲಿಲ್ಲ. ಇರದಿದ್ದುದಕ್ಕೆ ಕಾರಣ ಅವರಲ್ಲ, ನಾನೇ.

1981ರಲ್ಲಿ ನಮ್ಮ ಯಜಮಾನರ ಚಿಕ್ಕಪ್ಪನ ಮಗನಿಗೆ ಹೆಣ್ಣು ಗೊತ್ತಾಯಿತು. ಹುಡುಗ ಕುಡಿಯುತ್ತಿದ್ದ. ಮನೆಯಲ್ಲಿ ಎಲ್ಲರಿಗೂ ಗೊತ್ತು, ಹೊರಗೆ ಗೊತ್ತಿಲ್ಲ. ಹೆಣ್ಣಿನ ತಾಯಿ ಬಂದಿದ್ದಾಗ ಹಿತ್ತಲ ಬಾವಿಯ ಹತ್ತಿರ ನನ್ನೊಬ್ಬಳನ್ನೇ ಕಂಡು ಕೈ ಹಿಡಿದು, “ನೀವು ಹೆಂಗಸರು, ನಿಮ್ಮನ್ನು ಕೇಳ್ತೀನಿ. ಹುಡುಗ ಹೇಗೆ?” ಎಂದರು. ನಾನು, “ಮನೆತನ ತುಂಬಾ ಒಳ್ಳೇದು” ಎಂದೆ. ಅದು ನಿಜವೇ. ಆಕೆ ಕಣ್ಣೊರೆಸಿಕೊಂಡು ಒಳಗೆ ಹೋದರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ನಾನು ಒಂದೇ ಒಂದು ನಿಜ ಹೇಳಿ ಮಾಡಿಸಿದೆ. ನನ್ನ ಆ ಓರಗಿತ್ತಿ ಹದಿನೈದು ವರ್ಷ ಏನೇನು ಪಟ್ಟಳೆಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವಳ ಸ್ವತ್ತು. 1996ರಲ್ಲಿ ಅವನು ಹೋದ. ವರ್ಷಾಂತಕದ ದಿನ ಪಾತ್ರೆ ತೊಳೆಯುತ್ತಾ ಅವಳು ಕೇಳಿದಳು: “ನಿಮಗೆ ಮೊದಲೇ ಗೊತ್ತಿತ್ತಾ ಅಕ್ಕಾ?”

“ಇಷ್ಟು ಅಂತ ಗೊತ್ತಿರಲಿಲ್ಲ ಕಣೇ” ಎಂದೆ. ಅದೂ ನಿಜವೇ.

ಹುಡುಗ ಬಂದ. ಅವನ ಸ್ವೆಟರಿನ ತೋಳು ಮನೆಯಲ್ಲಿ ಹೆಣೆದದ್ದೆಂದು ನೋಡಿದೊಡನೆ ತಿಳಿಯಿತು. ಕಾರು ಓಡಿಸಿ ನೋಡಿ ಬಂದು, ಚೆನ್ನಾಗಿದೆ ಎಂದ. ನಾನು ಕಾಫಿ ಕೊಡುತ್ತಾ, “ನಾಳೆ ಬೆಳಿಗ್ಗೆ ಏಳಕ್ಕೆ ಒಂದ್ಸಲ ಬಾರಪ್ಪ. ಕಾರು ತಣ್ಣಗಿರೋವಾಗ ಕೇಳು. ಆಮೇಲೆ ದುಡ್ಡಿನ ಮಾತು” ಎಂದೆ. ಎಲ್ಲಿಂದ ಬಂತೋ ಆ ಮಾತು. ಅಳಿಯಂದಿರು ಲೋಟ ಕೆಳಗಿಟ್ಟರು.

ಬೆಳಿಗ್ಗೆ ಬಂದ, ಕೇಳಿದ, ಅಳಿಯಂದಿರು ಎಲ್ಲವನ್ನೂ ಹೇಳಿದರು. ಥ್ಯಾಂಕ್ಸ್ ಆಂಟಿ ಎಂದು ಹೇಳಿ ಕೊಳ್ಳದೆ ಹೋದ. ಮಗಳು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. “ಬಿಲ್ಲು ಕಟ್ಟೋರು ನಾವಮ್ಮ, ನೀನಲ್ಲ” ಎಂದಳು ಮೂರನೆಯ ದಿನ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ನನ್ನ ಹಳೆಯ ಸಾಲವನ್ನು ಅವಳ ದುಡ್ಡಿನಲ್ಲಿ ತೀರಿಸಲು ಹೊರಟಿದ್ದೆನೇನೋ.

ಆ ಶನಿವಾರ ಸ್ನೇಹಿತರೊಬ್ಬರು ನನ್ನನ್ನು ದೇವಸ್ಥಾನಕ್ಕೆ ಕರೆದೊಯ್ದರು. ಮಧ್ಯಾಹ್ನ ಹಿಂದಿರುಗಿದಾಗ ಕಾರಿನ ಜಾಗ ಖಾಲಿಯಿತ್ತು. ಹೋಯಿತು ಎಂದರು ಅಳಿಯಂದಿರು. ಯಾರಿಗೆ, ಎಷ್ಟಕ್ಕೆ, ಏನು ಹೇಳಿ, ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಕಸ ಹಾಕಲು ಕೆಳಗೆ ಹೋದಾಗ ಹಿಮ ಕರಗಿದ ಸಿಮೆಂಟಿನ ಮೇಲೆ ಎಣ್ಣೆಯ ಹಳೆಯ ಕಲೆ ಹಾಗೇ ಇತ್ತು. ಮುದುಕರು ತಮ್ಮ ಬಾಗಿಲಲ್ಲಿ ನಿಂತಿದ್ದವರು ಖಾಲಿ ಜಾಗವನ್ನು ನೋಡಿ, ನನ್ನನ್ನು ನೋಡಿ, ಒಂದು ಬೆರಳನ್ನು ಕಿವಿಗೆ ಮುಟ್ಟಿಸಿ ಹುಬ್ಬೇರಿಸಿದರು.

ನಾನು ಇಂಗ್ಲಿಷ್ ಬಾರದವಳ ಹಾಗೆ ನಕ್ಕು ಮೆಟ್ಟಿಲು ಹತ್ತಿದೆ.